ಖಾದರ್ ಮಾಸ್ತರರ ಹೆಸರಿನ ಕೀಲಿ

ದೂರದಿಂದಲೇ ಕೆಲಸ ಮಾಡಬಹುದು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಬಸ್ಸಿನ ವೇಳೆ ಕೇಳಿಕೊಳ್ಳುತ್ತೇನೆ. ಬ್ಯಾಡಗಿಯಲ್ಲಿ ಕುಳಿತು ಹಾವೇರಿಯ ಕಂಪ್ಯೂಟರಿನೊಳಗೆ ಪುಸ್ತಕ ಜೋಡಿಸುವ ವ್ಯವಸ್ಥೆಯೊಂದನ್ನು ನಮಗೆ ಮಾಡಿಕೊಟ್ಟರು. ಎಲ್ಲಿಗೂ ಹೋಗುವುದು ಬೇಡ, ಕುರ್ಚಿಯಿಂದ ಏಳುವುದೂ ಬೇಡ ಎಂದರು. ಅದಾದ ಮೇಲೆ ನಾನು ಬಸ್ಸಿನಲ್ಲಿ ಓಡಾಡಿದಷ್ಟು ನನ್ನ ಮದುವೆಗೆ ಹೆಣ್ಣು ನೋಡಲೂ ಓಡಾಡಿರಲಿಲ್ಲ.

ನಾನು ಪುಸ್ತಕಕ್ಕೆ ರಟ್ಟು ಕಟ್ಟುವವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅದಕ್ಕೆ ನಾಚಿಕೆಯೇನಿಲ್ಲ, ಶಾಲೆ ಕಲಿತವರ ಪುಸ್ತಕಗಳೆಲ್ಲ ಬೆನ್ನು ಮುರಿದುಕೊಂಡು ಕೊನೆಗೆ ನನ್ನ ಹತ್ತಿರವೇ ಬಂದವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳ ವಾಚನಾಲಯಗಳಲ್ಲಿ ನಾನು ಹೊಲಿದ ಪುಸ್ತಕಗಳಿವೆ. ಬೇಕಾದರೆ ಎಳೆದು ನೋಡಿ; ಹಾಳೆ ಹರಿದೀತು, ಹೊಲಿಗೆ ಬಿಚ್ಚುವುದಿಲ್ಲ. ಇದು ಜಂಬದ ಮಾತು ಎನ್ನುತ್ತಾಳೆ ನನ್ನ ಹೆಂಡತಿ. ಜಂಬದ್ದೇ. ಬೇರೇನೂ ಕೂಡಿಡದವನು ಅದನ್ನಾದರೂ ಇಟ್ಟುಕೊಳ್ಳಬೇಡವೆ?

ರಟ್ಟು ಕಟ್ಟುತ್ತ ಕಟ್ಟುತ್ತ ಬ್ಯಾಡಗಿಯ ಹಳೆಯ ವಾಚನಾಲಯವೊಂದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಹಿಂದೆ ಒಬ್ಬ ವ್ಯಾಪಾರಿ ತನ್ನ ಮೆಣಸಿನಕಾಯಿ ಗೋದಾಮಿನ ಮಗ್ಗುಲಿನ ಪಡಸಾಲೆಯನ್ನು ಊರಿನ ಓದುಗರಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಓದಬೇಕಾದರೆ ಸೀನುತ್ತಲೇ ಓದಬೇಕು. ಹೊಸಬರು ಪುಸ್ತಕ ಹಿಡಿದು ಕಣ್ಣು ಒರೆಸಿಕೊಳ್ಳುವುದನ್ನು ಕಂಡು, ಕಥೆ ಅಷ್ಟು ಮನಸ್ಸಿಗೆ ತಟ್ಟಿತೇನೋ ಎಂದು ನಾನು ಮೊದಮೊದಲು ಸಂತೋಷಪಡುತ್ತಿದ್ದೆ. ಇದ್ದ ಪುಸ್ತಕಗಳಾದರೂ ಎಂಥವು! ಬಯಲಾಟದ ಪ್ರತಿಗಳು, ಭಜನೆಯ ಪದಗಳು, ನಾಟಕ ಕಂಪನಿಗಳು ತಂಬಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು. ಇವುಗಳಲ್ಲಿ ಎಷ್ಟಕ್ಕೋ ಎರಡನೆಯ ಪ್ರತಿಯನ್ನು ನಾನೆಲ್ಲೂ ಕಂಡಿಲ್ಲ.

ವ್ಯಾಪಾರಿ ತೀರಿಕೊಂಡ. ಹೊಸ ಕಾಯಿ ಪೇಟೆಗೆ ಬರುವುದರೊಳಗೆ ಪಡಸಾಲೆ ಖಾಲಿ ಮಾಡಿಕೊಡಬೇಕೆಂದು ಅವನ ಮಕ್ಕಳು ಹೇಳಿಕಳುಹಿಸಿದರು. ಅವರನ್ನು ಬಯ್ಯಲಾರೆ. ಮೆಣಸಿನಕಾಯಿಗೆ ಗಿರಾಕಿಗಳಿದ್ದಾರೆ, ಬಯಲಾಟದ ಪುಸ್ತಕಕ್ಕೆ ನಾನೊಬ್ಬ, ಮತ್ತು ರಾಣೆಬೆನ್ನೂರಿನ ಖಾದರ್ ಮಾಸ್ತರರು.

ಮಾಸ್ತರರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರೂರು ತಿರುಗಿ ಮೊಹರಂ ಪದಗಳನ್ನು ಬರೆದುಕೊಂಡು ಬರುವುದು, ಬಂದ ಹಾಳೆಗಳನ್ನು ನನ್ನ ಮುಂದೆ ಸುರಿದು "ಬೈಂಡರ್, ಇವನ್ನ ಮನಿಷ್ಯಾರಾಂಗ ಮಾಡು" ಎನ್ನುವುದು ಅವರ ಕೆಲಸ. ನಮ್ಮ ವಾಚನಾಲಯಕ್ಕೆ ಬಂದ ಗತಿ ಕೇಳಿ ಅವರು ಒಂದೊಂದೇ ಕಪಾಟು ತೆರೆದು ನೋಡಿದರು. ಆಮೇಲೆ, "ಪುಸ್ತಕಕ್ಕ ಮನಿ ಸಿಗಲಿಲ್ಲಂದ್ರ ಅದರ ಫೋಟೋಕ್ಕರೆ ಸಿಕ್ಕೀತು ತಡಿ" ಎಂದರು.

ಹಾಗೆ ಮಾಸ್ತರರು ಹುಡುಕಿ ಕರೆತಂದವರು ಸವಿತಾ ಮೇಡಂ. ಹಾವೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ; ನನ್ನನ್ನು ಕಾಕಾ ಎಂದು ಕರೆಯುತ್ತಾಳೆ, ನಾನು ಅವಳೆದುರು ಮೇಡಂ ಎನ್ನುತ್ತೇನೆ. ಅವಳ ಕಾಲೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಡಿಜಿಟಲ್ ಗ್ರಂಥಾಲಯ ಕಟ್ಟುವ ಸಾಫ್ಟ್‌ವೇರ್ ಇತ್ತು. ಪುಟಗಳ ಚಿತ್ರ ಸೇರಿಸಿ, ಕೆಳಗೆ ಪುಸ್ತಕದ ಹೆಸರು, ಬರೆದವರು, ಅಚ್ಚಾದ ಊರು ಎಲ್ಲ ತುಂಬಿ, 'ಕಟ್ಟು' ಎಂಬ ಗುಂಡಿ ಒತ್ತಿದರೆ ಸಂಗ್ರಹ ಕಟ್ಟಿಕೊಳ್ಳುತ್ತದೆ. ರಾಣೆಬೆನ್ನೂರಿನಿಂದ ಮಾಸ್ತರರೂ ಬ್ಯಾಡಗಿಯಿಂದ ನಾನೂ ನಮ್ಮ ನಮ್ಮ ಜಾಗದಿಂದಲೇ ಅದರೊಳಗೆ ಹೋಗಿ ಕೆಲಸ ಮಾಡುವ ಹಾಗೆ ಅವಳು ದಾರಿ ಮಾಡುತ್ತೇನೆ ಎಂದಳು. ಸೂಜಿಯಿಲ್ಲ, ದಾರವಿಲ್ಲ, ಅಂಟಿಲ್ಲ. ಇದನ್ನೂ ಕಟ್ಟುವುದು ಎನ್ನುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು ಬಂತು. ಆ ನಗು ಬಹಳ ದಿನ ಉಳಿಯಲಿಲ್ಲ.

ದಾರಿ ಆಗುವುದೇ ಒಂದು ದೊಡ್ಡ ಪುರಾಣವಾಯಿತು. ಹಾವೇರಿಯ ಕಂಪ್ಯೂಟರಿಗೆ ಅಂಕಿಗಳ ಒಂದು ವಿಳಾಸವಿರುತ್ತದಂತೆ. ಫೋನ್ ತಂತಿಯವರು ಅದನ್ನು ಆಗಾಗ ಬದಲಿಸುತ್ತಾರಂತೆ. ಬಾಡಿಗೆ ಮನೆಯವರ ಹಾಗೆ ಅದು ವಿಳಾಸ ಬದಲಿಸಿದಾಗಲೆಲ್ಲ ಸವಿತಾ ಫೋನಿನಲ್ಲಿ ಹೊಸ ಅಂಕಿಗಳನ್ನು ಓದುವುದು, ನಾನು ತಪ್ಪು ಬರೆದುಕೊಳ್ಳುವುದು, ಸಂಜೆಯವರೆಗೆ ಖಾಲಿ ಪರದೆಯನ್ನು ದಿಟ್ಟಿಸುವುದು. ವಿಳಾಸ ಸರಿಯಾದ ದಿನ ಆ ಕಡೆ ಬಾಗಿಲು ಹಾಕಿರುತ್ತಿತ್ತು. ಕಾಲೇಜಿನ ಜವಾನ ಬಹಳ ನಂಬಿಗಸ್ಥ ಮನುಷ್ಯ. ಮನೆಗೆ ಹೊರಡುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಅದಕ್ಕೊಂದು ನಮಸ್ಕಾರ ಹಾಕಿಯೇ ಕೀಲಿ ಹಾಕುವವ. ಈ ಯಂತ್ರ ಆರಬಾರದೆಂದು ಎಷ್ಟು ಸಲ ಹೇಳಿದರೂ, ದುಡಿದ ಯಂತ್ರಕ್ಕೆ ವಿಶ್ರಾಂತಿ ಕೊಡದಿರುವುದು ಪಾಪವೆಂದು ಅವನ ನಂಬಿಕೆ. ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಅದಕ್ಕೆ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ರಜೆ ಕೊಟ್ಟುಬಿಟ್ಟ. ನಾನು ಸಿಟ್ಟಾಗುವ ಹಾಗಿರಲಿಲ್ಲ. ಅಂದು ನನ್ನ ಸೂಜಿ, ಕತ್ತರಿ, ಹಾಳೆ ಒತ್ತುವ ಪ್ರೆಸ್ಸೂ ಕುಂಕುಮ ಹಚ್ಚಿಕೊಂಡು ರಜೆಯ ಮೇಲಿದ್ದವು. ಈ ಮಧ್ಯೆ ನನ್ನ ಕಂಪ್ಯೂಟರಿನ ಫ್ಯಾನಿನಲ್ಲಿ ಮೆಣಸಿನಕಾಯಿ ಧೂಳು ಸೇರಿ, ಬಿಚ್ಚಿ ನೋಡಿದ ರಿಪೇರಿಯವನು ಅರ್ಧ ಗಂಟೆ ಸೀನಿ, ಬಿಚ್ಚಿದ್ದನ್ನು ಹಾಗೇ ಬಿಟ್ಟು ಹೋದ. ಇಂಥ ಒಂದೊಂದಕ್ಕೂ ನಾನು ಮೋಟೆಬೆನ್ನೂರು ಕ್ರಾಸಿನಲ್ಲಿ ಇಳಿದು, ಹಾವೇರಿಯ ಬಸ್ಸಿಗೆ ಕೈ ಮಾಡುತ್ತ ನಿಲ್ಲಬೇಕು.

ಅಂತೂ ಒಂದು ದಿನ ದಾರಿ ಬಿಟ್ಟುಕೊಂಡಿತು. ಬ್ಯಾಡಗಿಯಲ್ಲಿ ನಾನಿಟ್ಟ ಪುಟ ಹಾವೇರಿಯಲ್ಲಿ ಸವಿತಾಳಿಗೆ ಕಂಡಿತು. ಅವಳು ಫೋನಿನಲ್ಲಿ ಮೊದಲ ಸಾಲು ಓದಿದಾಗ ನಾನು ಪುಸ್ತಕದ ಮೇಲೆ ಬೆರಳಿಟ್ಟು ಜೊತೆಗೇ ಓದಿದೆ.

ಅದರಲ್ಲೊಂದು ಕಟ್ಟುನಿಟ್ಟು ಇತ್ತು. ಇಬ್ಬರು ಒಮ್ಮೆಲೇ ಒಂದೇ ಸಂಗ್ರಹದಲ್ಲಿ ಕೈಯಾಡಿಸಬಾರದೆಂದು, ಒಬ್ಬರು ತೆರೆದ ಕೂಡಲೇ ಅದು ಅವರ ಹೆಸರಿನಲ್ಲಿ ಕೀಲಿ ಹಾಕಿಕೊಳ್ಳುತ್ತದೆ. ಅವರು ಮುಚ್ಚಿ ಹೊರಬಂದರೆ ಕೀಲಿ ತಾನೇ ಬಿಚ್ಚುತ್ತದೆ. ಅದಕ್ಕೆಂದೇ ನಾವು ಹೊತ್ತು ಹಂಚಿಕೊಂಡೆವು: ಮಧ್ಯಾಹ್ನದ ತನಕ ಮಾಸ್ತರರು, ಅನಂತರ ನಾನು. ಅವರು ಹೊರಬಂದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡಬೇಕು. ಒಂದೇ ರಿಂಗು, ಮಾತಿಲ್ಲ. "ನಂದು ಮುಗೀತು, ನೀ ಒಳಗ ಹೋಗು" ಎಂದು ಅದರ ಅರ್ಥ. ಊಟ ಮಾಡುತ್ತಿದ್ದರೂ ಆ ಒಂದು ರಿಂಗಿಗೆ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಒಂದು ದಿನ ರಿಂಗು ಬರಲಿಲ್ಲ. ಕಾದು ಕಾದು ಕಂಪ್ಯೂಟರ್ ಹಚ್ಚಿದೆ. ಪರದೆಯ ಮೇಲೆ ಬರಹ ಬಂತು: ಈ ಸಂಗ್ರಹವನ್ನು ಖಾದರ್ ತೆರೆದಿದ್ದಾರೆ, ಅವರ ಕೀಲಿಯನ್ನು ನೀವು ಕಿತ್ತುಕೊಳ್ಳುತ್ತೀರಾ? ಕೆಳಗೆ ಹೌದು, ಇಲ್ಲ ಎಂದು ಎರಡು ಗುಂಡಿ. ಮುದುಕ ಇವತ್ತು ಹುರುಪಿನಲ್ಲಿದ್ದಾನೆ ಎಂದುಕೊಂಡು 'ಇಲ್ಲ' ಒತ್ತಿ ಎದ್ದೆ. ಮರುದಿನ ಸುದ್ದಿ ಬಂತು. ಕಂಪ್ಯೂಟರಿನ ಮುಂದೆಯೇ ಮಾಸ್ತರರಿಗೆ ಲಕ್ವ ಹೊಡೆದಿತ್ತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು.

ಇಲ್ಲಿಂದ ನನ್ನ ತಲೆ ಕೆಟ್ಟಿತೆಂದು ನೀವೂ ಹೇಳುತ್ತೀರಿ. ಸವಿತಾಳಂತೂ ಹೇಳಿದಳು. 'ಹೌದು' ಒತ್ತಿದರೆ ಕೀಲಿ ನನಗೆ ಬರುತ್ತದೆ, ಮಾಸ್ತರರು ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ತಿಳಿಸಿದಳು. ಬೇಡವಾದರೆ ಹಾವೇರಿಯಿಂದ ತಾನೇ ತೆಗೆದುಬಿಡುತ್ತೇನೆ ಎಂದಳು. ನಾನು ಒಪ್ಪಲಿಲ್ಲ. ನಮ್ಮ ಓಣಿಯಲ್ಲಿ ಮನೆಗೆ ಕೀಲಿ ಹಾಕಿ ಆಸ್ಪತ್ರೆಗೆ ಹೋದವರ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ಕೀಲಿಕೈ ನೆರೆಮನೆಯವರ ಕೈಯಲ್ಲೇ ಇದ್ದರೂ ಮುಟ್ಟುವುದಿಲ್ಲ. ಸಂಜೆ ಹೊರಗಿನ ಕಟ್ಟೆಯ ಮೇಲೊಂದು ದೀಪ ಹಚ್ಚಿಟ್ಟು ಬರುತ್ತಾರೆ, ಅಷ್ಟೆ. ಅವರೇ ಬಂದು ತೆಗೆಯಬೇಕು. ಬೇರೆಯವರು ತೆಗೆದರೆ ಅವರು ಬರುವುದಿಲ್ಲವೆಂದು ತೀರ್ಮಾನ ಮಾಡಿದಂತೆ.

"ಕಾಕಾ, ಅದು ಖರೇ ಕೀಲಿ ಅಲ್ಲರಿ. ಒಂದು ಸಣ್ಣ ಫೈಲ್ ಐತಿ, ಅಷ್ಟ."

"ಫೈಲಿನ ಮ್ಯಾಲೆ ಹೆಸರು ಯಾರದೈತ್ರಿ ಮೇಡಂ?"

ಅವಳೂ ಆ ಕೀಲಿ ಮುಟ್ಟಲಿಲ್ಲ.

ಹೀಗೆ ದಿನಗಳು ಹೋದವು. ಪ್ರತಿ ಮಧ್ಯಾಹ್ನ ನಾನು ಕಂಪ್ಯೂಟರ್ ಹಚ್ಚುವುದು, ಅದು ಅದೇ ಪ್ರಶ್ನೆ ಕೇಳುವುದು, ನಾನು 'ಇಲ್ಲ' ಎನ್ನುವುದು. ಕಟ್ಟೆಯ ಮೇಲೆ ದೀಪ ಹಚ್ಚಿಟ್ಟು ಬಂದ ಹಾಗೆ. ನಮ್ಮ ಜಿಲ್ಲೆಯ ಗಳಗನಾಥದ ಗುಡಿಯಲ್ಲಿ ಹಳೆಗನ್ನಡದ ಶಾಸನಗಳಿವೆ. ಬಾಗಿಲಿಲ್ಲ, ಕೀಲಿಯಿಲ್ಲ, ಯಾರು ಬೇಕಾದರೂ ಹೋಗಿ ಮುಂದೆ ನಿಲ್ಲಬಹುದು. ನನ್ನಂಥವನಿಗೆ ಒಂದಕ್ಷರವೂ ಒಳಗೆ ಬಿಡುವುದಿಲ್ಲ. ಇಲ್ಲಿ ಓದಲು ಬರುತ್ತದೆ, ಗುಂಡಿಯೂ ಬೆರಳಿನ ಕೆಳಗಿದೆ, ಬೆರಳು ಇಳಿಯುವುದಿಲ್ಲ. ಯಾವುದು ಹೆಚ್ಚು ದೂರವೆಂದು ಕುಳಿತು ಯೋಚಿಸುತ್ತಿದ್ದೆ. ಯೋಚಿಸುವುದಕ್ಕೆ ಪುರಸತ್ತು ಬೇಕಾದಷ್ಟಿತ್ತು.

ಪಡಸಾಲೆಗೆ ಪುರಸತ್ತಿರಲಿಲ್ಲ. ವ್ಯಾಪಾರಿಯ ಮಕ್ಕಳು ಖಾಲಿ ಚೀಲ ತಂದು ಒಟ್ಟಿದರು. ಹಮಾಲರು ನನ್ನ ಕಪಾಟುಗಳನ್ನು ಕಣ್ಣಿನಲ್ಲೇ ಅಳೆಯತೊಡಗಿದರು. ಒಬ್ಬ ಹಮಾಲ ಬಂದು, ಈ ಪುಸ್ತಕಗಳನ್ನು ಎಲ್ಲಿಗೆ ಹೊರಬೇಕೆಂದು ಮರ್ಯಾದೆಯಿಂದಲೇ ಕೇಳಿದ. ನಾನು ಅವನಿಗೊಂದು ಚಹಾ ತರಿಸಿದೆ. ನನ್ನ ಹೆಂಡತಿ ಮಾತ್ರ ನೇರವಾಗಿ ಹೇಳಿದಳು: "ಗುಂಡಿ ಒತ್ತಾಕ ಆಗವಲ್ದಂದ್ರ ಹೋಗಿ ಅವರನ್ನ ಕೇಳ್ರಿ. ಇಬ್ಬರೂ ಇನ್ನೂ ಜೀವಂತ ಅದೀರಿ."

ಮಾಸ್ತರರನ್ನು ಅಷ್ಟರಲ್ಲಿ ಮನೆಗೆ ಕರೆತಂದಿದ್ದರು. ದೂರದಿಂದಲೇ ಕೆಲಸ ಮಾಡುವ ವ್ಯವಸ್ಥೆಯಲ್ಲಿ ಒಂದು ಗುಂಡಿ ಒತ್ತಲು ಅಪ್ಪಣೆ ಕೇಳುವುದಕ್ಕೆ ನಾನು ರಾಣೆಬೆನ್ನೂರಿನ ಬಸ್ ಹತ್ತಿದೆ.

ಮಾಸ್ತರರು ಮಂಚದ ಮೇಲೆ ಗೋಡೆಗೆ ಒರಗಿದ್ದರು. ಬಾಯಿ ಒಂದು ಕಡೆ ಜಾರಿತ್ತು, ಬಲಗೈ ಬೇರೆ ಯಾರದೋ ಕೈಯ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಎಡಗೈಯಲ್ಲಿ ಮೊಬೈಲ್ ಹಿಡಿದಿದ್ದರು. ಮಾತು ಹೋಗಿದೆ, ಯಾರ ಗುರುತು ಹತ್ತುತ್ತದೆ ಯಾರದು ಇಲ್ಲ ತಿಳಿಯದು, ಮೊಬೈಲ್ ಮಾತ್ರ ಮಲಗಿದಾಗಲೂ ಬಿಡುವುದಿಲ್ಲ ಎಂದು ಭಾಬಿ, ಅವರ ಹೆಂಡತಿ, ಹೇಳಿದರು. ನಾನು ಎದುರು ಕುಳಿತು ಎಲ್ಲ ಹೇಳಿದೆ. ಪಡಸಾಲೆ, ಚೀಲ, ಹಮಾಲರು, ಪರದೆಯ ಮೇಲಿನ ಪ್ರಶ್ನೆ. ಅವರು ನನ್ನನ್ನು ನೋಡುತ್ತಿದ್ದರೋ ನನ್ನ ಹಿಂದಿನ ಕಿಟಕಿಯನ್ನೋ, ಗೊತ್ತಾಗಲಿಲ್ಲ. ಉತ್ತರ ಕೊಟ್ಟವರು ಭಾಬಿ.

"ಅಣ್ಣಾರ, ಇವರು ಮನಿ ಬಾಗಲಕ್ಕ ಸುದ್ದಾ ಎಂದೂ ಕೀಲಿ ಹಾಕಿದವರಲ್ಲ. ಅದಕ್ಯಾಕ ಹಾಕ್ಯಾರು?"

ಅದು ತಾನಾಗಿ ಬೀಳುವ ಕೀಲಿ ಎಂದು ತಿಳಿಸಹೋದೆ; ಅವರು ಚಹಾ ತರಲು ಒಳಗೆ ಹೋದರು. ಚಹಾ ಕುಡಿದು ಎದ್ದೆ. ಹೊಸ್ತಿಲು ದಾಟುವಾಗ ನನ್ನ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಒಂದೇ ರಿಂಗು, ನಿಂತುಹೋಯಿತು. ತೆಗೆದು ನೋಡಿದೆ. ಖಾದರ್ ಮಾಸ್ತರ್.

ತಿರುಗಿದೆ. ಅವರ ಎಡಗೈಯ ಹೆಬ್ಬೆರಳು ಗುಂಡಿಯ ಮೇಲಿತ್ತು. ಬೇಕೆಂದೇ ಒತ್ತಿದರೋ, ಬೆರಳು ಹಳೆಯ ರೂಢಿಯಿಂದ ತಾನೇ ಜಾರಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಣ್ಣು ಕಿಟಕಿಯ ಕಡೆಯೇ ಇತ್ತು.

ಬ್ಯಾಡಗಿಗೆ ಬಂದು 'ಹೌದು' ಒತ್ತಿದೆ. ಪರದೆಯಿಂದ ಅವರ ಹೆಸರು ಹೋಯಿತು, ನನ್ನದು ಬಂತು. ಸಪ್ಪಳವಿಲ್ಲ, ಏನಿಲ್ಲ. ಒಂದು ಮೊಹರಂ ಪದದ ಹೆಸರನ್ನು ಮಾಸ್ತರರು ಅರ್ಧ ಟೈಪು ಮಾಡಿ ಬಿಟ್ಟಿದ್ದರು. ಅದನ್ನು ಪೂರ್ತಿ ಮಾಡಲು ನನಗೆ ಬರಲಿಲ್ಲ. ಆ ಪದ ಅವರೊಬ್ಬರಿಗೇ ಗೊತ್ತಿತ್ತು. ಈಗಲೂ ಅದು ಸಂಗ್ರಹದಲ್ಲಿ ಅರ್ಧ ಹೆಸರಿನಿಂದಲೇ ಇದೆ.

ಹೊಸ ಕಾಯಿ ಪೇಟೆಗೆ ಬಂತು. ನಾನು ಮರ್ಯಾದೆ ಕಾಯುತ್ತ ಕಳೆದ ದಿನಗಳಿಗೆ ಸರಿಯಾಗಿ ಅಷ್ಟು ಪುಸ್ತಕಗಳು ಸಂಗ್ರಹದ ಒಳಗೆ ಹೋಗದೆ ಉಳಿದವು. ಅವು ನನ್ನ ಮನೆಯ ಅಟ್ಟದ ಮೇಲೆ ಮೆಣಸಿನಕಾಯಿ ಚೀಲಗಳಲ್ಲಿವೆ. ನಾನು ಹೊಲಿದ ಹೊಲಿಗೆ ಗಟ್ಟಿಯಾಗಿದೆ, ಒಳಗೆ ಹಾಳೆ ಹುಡಿಯಾಗುತ್ತಿದೆ; ಚಿತ್ರ ತೆಗೆಯಲು ತೆರೆದರೆ ಉದುರುತ್ತದೆ. ಮಾಸ್ತರರು ಆ ಚಳಿಗಾಲ ದಾಟಲಿಲ್ಲ. ಕಟ್ಟಿದ ಸಂಗ್ರಹವನ್ನು ಯಾರು ನೋಡುತ್ತಾರೆಂದು ಸವಿತಾಳನ್ನು ಒಮ್ಮೆ ಕೇಳಿದೆ. ನೋಡುತ್ತಾರೆ ಕಾಕಾ ಎಂದಳು. ಅವಳ ದನಿಯಿಂದ ಆ ನೋಡುವವರು ಅವಳೇ ಎಂದು ತಿಳಿಯಿತು.

ಈಗ ರಾಣೆಬೆನ್ನೂರಿನಿಂದ ರಿಂಗು ಬರುವುದಿಲ್ಲ. ಯಾವಾಗ ಬೇಕಾದರೂ ಒಳಗೆ ಹೋಗಬಹುದು. ಹಾಗಿದ್ದೂ ನಾನು ಮಧ್ಯಾಹ್ನದ ತನಕ ಕಂಪ್ಯೂಟರ್ ಮುಟ್ಟುವುದಿಲ್ಲ. ಮೊನ್ನೆ ನನಗೂ ಸ್ವಲ್ಪ ಎದೆ ಹಿಡಿದಂತಾಗಿತ್ತು. ಬರೀ ವಾಯು ಎಂದರು ಡಾಕ್ಟರು. ವಾಯುವಾದರೇನು, ಹೇಳುವ ಮಾತು ಹೇಳಿಬಿಡಬೇಕೆಂದು ಸವಿತಾಳಿಗೆ ಫೋನ್ ಮಾಡಿದೆ.

"ಮೇಡಂ, ಒಂದಿನ ಆ ಕೀಲಿ ಮ್ಯಾಲೆ ನನ್ನ ಹೆಸರು ಹಂಗ ಕುಂತಿದ್ರ, ನನ್ನಂಗ ಹುಚ್ಚರಾಗಬ್ಯಾಡ್ರಿ. ಬಸ್ಸು ಗಿಸ್ಸು ಹತ್ತಬ್ಯಾಡ್ರಿ. 'ಹೌದು' ಒತ್ತಿಬಿಡ್ರಿ."



"ಆಗಂಗಿಲ್ಲ ಕಾಕಾ," ಎಂದಳು. "ಕೇಳಿ ಒತ್ತತೀನಿ."

ಕಲಿತ ಹುಡುಗಿ, ಕೆಟ್ಟುಹೋದಳು. ನಾನು ಅವಳಿಗೆ ಹಾವೇರಿಯಿಂದ ಬ್ಯಾಡಗಿಗೆ ಬರುವ ಬಸ್ಸಿನ ವೇಳೆ ಹೇಳಿ ಫೋನ್ ಇಟ್ಟೆ.