ಅಪ್ಪಟ ತುಪ್ಪದ ದೋಸೆ

ಗೆಳೆಯರೇ, ಇವತ್ತು ಅಮರಗೋಳದ ನನ್ನ ದೋಸೆ ಅಂಗಡಿಯಲ್ಲಿ ನನ್ನ ಮಾನವನ್ನು ನಾನೇ ಹೆಂಚಿನ ಮೇಲೆ ಹುಯ್ದುಕೊಂಡೆ. ಅಣ್ಣನ ಮಗಳು ಶಿಲ್ಪಾ ಕಾಲೇಜಿನ ಇಂಗ್ಲಿಷ್ ತರಗತಿಗೆ ನನ್ನ ಬಗ್ಗೆ ಬರೆದಿದ್ದಳು. ಸರ್ ಭೇಷ್ ಅಂದರಂತೆ. ಇಂಗ್ಲಿಷ್ ಬಾರದ ನಾನು ಗಿರಾಕಿಗಳ ಮುಂದೆ ಎದೆಯುಬ್ಬಿಸಿ, "ಕನ್ನಡದಾಗ ಓದಿ ಹೇಳವ್ವಾ" ಎಂದೆ.

"ಬ್ಯಾಡ ಕಾಕಾ."

"ನಾಚಬ್ಯಾಡ, ಹೇಳು!"

ಹೇಳಿದಳು: "ನಾವು ಕಲಿತ ಪಾಠಕ್ಕೆಲ್ಲ ಕಾಕಾನ ಅಂಗಡ್ಯಾಗ ಉದಾಹರಣಿ ಅದಾವ. 'ಅಪ್ಪಟ ತುಪ್ಪದ ದೋಸೆ' ಅನ್ನೋ ಬೋರ್ಡು ಜಾಹೀರಾತು. 'ಅವ್ವನ ಕೈರುಚಿ' ಅಂತ ಕಾಕಾ ಗಿರಾಕಿಗೆ ಹೇಳೋದು ಕವಿತೆ. ಎಣ್ಣಿ ಹಾಕಿ, ತುಪ್ಪ ಅಂತ ಕಾಕಾ ಆಣಿ ಮಾಡೋದು ನಾಟಕ."

ಅಂಗಡಿಯೆಲ್ಲ ನಕ್ಕಿತು. ಪಕ್ಕದ ಗ್ಯಾರೇಜಿನ ರಫೀಕ್, "ಕಾಕಾ, ನನಗೊಂದು ಪ್ಲೇಟ್ ಜಾಹೀರಾತು ಕೊಡ್ರಿ, ನಾಟಕ ಕಡಿಮಿ ಹಾಕ್ರಿ" ಎಂದ.

ಸಂಜೆ ಬೋರ್ಡಿನಿಂದ 'ತುಪ್ಪದ' ಅಳಿಸಿದೆ. ಈಗ 'ಅಪ್ಪಟ ದೋಸೆ' ಅಂತ ಉಳಿದಿದೆ. ಇದು ಯಾವ ಪಾಠದಲ್ಲಿ ಬರುತ್ತದೋ, ಅವಳನ್ನು ಕೇಳುವ ಧೈರ್ಯವಿಲ್ಲ.