ಒಂದೇ ಬಾಟಲಿಯ ನೀರು

ಕ್ರೀಡಾಂಗಣದ ಕಚೇರಿಯಲ್ಲಿ ಕೋಚ್ ಕೂರುವ ಕುರ್ಚಿಯ ಹಿಂದೆ ಒಂದು ಗಾಜಿನ ಕಪಾಟು. ಅದರಲ್ಲಿ ಎಂಟುನೂರು ಮೀಟರ್ ಓಟದ ಚಿನ್ನದ ಪದಕ. ಬಂದವರೆಲ್ಲ ನೋಡಿ ‘ಅಬ್ಬಾ!’ ಅನ್ನುತ್ತಾರೆ, ಕೋಚ್ ಮಾತ್ರ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಾನೆ. ಎಂಥ ವಿನಯ ಅಂದುಕೊಂಡವರುಂಟು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅದನ್ನು ಕಣ್ಣೆತ್ತಿ ನೋಡುವ ಧೈರ್ಯ ಅವನಿಗಿಲ್ಲ, ಅಷ್ಟೇ.

ಓಡುವ ಕಾಲದಲ್ಲಿ ಅವನನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಅವನ ಜೊತೆಗಾರ ಇಂಜಿನ್. ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಬಕೆಟ್ಟು, ಕುಡಿಯಲು ಒಂದೇ ಬಾಟಲಿ. ಇಂಜಿನ್‌ನ ಕೆಲಸವೇ ವಿಚಿತ್ರ. ಎಂಟುನೂರು ಮೀಟರ್ ಅಂದರೆ ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಅವನು ಮುಂದೆ ಓಡಿ ಗಾಳಿಗೆ ಎದೆಯೊಡ್ಡಿ ಹಿಂದಿನವನಿಗೆ ವೇಗ ಹಿಡಿದು ಕೊಡಬೇಕು. ಕೊನೆಯ ಸುತ್ತಿನ ಗಂಟೆ ಬಾರಿಸುತ್ತಿದ್ದಂತೆ ಪಕ್ಕಕ್ಕೆ ಸರಿದು ಹುಲ್ಲಿನ ಮೇಲೆ ಕೂತುಬಿಡಬೇಕು. ಗೆಲ್ಲುವುದು ಕಡ್ಡಿ. “ಅಡುಗೆ ಮಾಡೋನು ನಾನು, ಉಣ್ಣೋನು ನೀನು,” ಅಂತ ಇಂಜಿನ್ ನಗುತ್ತಿದ್ದ. ಹೊಟ್ಟೆಕಿಚ್ಚು ಅನ್ನುವುದು ಆ ಪ್ರಾಣಿಗೆ ಗೊತ್ತೇ ಇರಲಿಲ್ಲ.

ಒಂದು ವರ್ಷ ಕಡ್ಡಿಯ ಕಾಲು ಸೋಲತೊಡಗಿತು. ನಿನ್ನೆ ಮೊನ್ನೆ ಬಂದ ಹುಡುಗರೆಲ್ಲ ಅವನನ್ನು ಹಿಂದೆ ಹಾಕುವವರೇ. ಆಗ ಜಿಮ್‌ನವನೊಬ್ಬ ಪುಟ್ಟ ಸೀಸೆ ಕೈಗಿಟ್ಟು, “ಓಟಕ್ಕೆ ಮೊದ್ಲು ನೀರಿಗೆ ಬೆರೆಸ್ಕೊಂಡು ಕುಡಿ. ಈ ಕೂಟಕ್ಕೆ ಪರೀಕ್ಷೆ ಮಾಡೋರು ಬರಲ್ಲ,” ಅಂದ. ಅದು ಉದ್ದೀಪನ ಮದ್ದು ಅಂತ ಕಡ್ಡಿಗೆ ಗೊತ್ತಿತ್ತು. ಗೊತ್ತಿದ್ದೇ ಬೆರೆಸಿದ.

ಬೆರೆಸಿಟ್ಟು, ಬಗ್ಗಿ ಶೂ ಲೇಸ್ ಬಿಗಿದು ತಲೆಯೆತ್ತಿದರೆ, ಬಾಟಲಿ ಇಂಜಿನ್‌ನ ಬಾಯಲ್ಲಿ! ‘ಬೇಡ ಕಣೋ’ ಅನ್ನಬೇಕಿತ್ತು. ಅಂದರೆ ‘ಯಾಕೆ’ ಅನ್ನುತ್ತಾನಲ್ಲ? ಹೇಗೂ ಅರ್ಧದಲ್ಲೇ ಹೊರಗೆ ಬರುವವನು, ಅವನನ್ನು ಯಾರು ಪರೀಕ್ಷೆ ಮಾಡುತ್ತಾರೆ ಅಂತ ಕಡ್ಡಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಗೆಳೆಯನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತ. ಉಳಿದರ್ಧವನ್ನು ತಾನು ಕುಡಿದ.

ಓಟ ಶುರುವಾಗಿ ಮೊದಲ ಸುತ್ತು ಮುಗಿಯಿತು, ಗಂಟೆ ಬಾರಿಸಿತು. ಇಂಜಿನ್ ಸರಿಯಲಿಲ್ಲ! “ಸರಿಯೋ ಮಾರಾಯ!” ಅಂತ ಕಡ್ಡಿ ಹಿಂದಿನಿಂದ ಕೂಗಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ. ಜನ ಎದ್ದು ನಿಂತು ಕಿರುಚುತ್ತಿದ್ದರು. ಇಂಜಿನ್ ಮೊದಲು ಬಂದ, ಕಡ್ಡಿ ಎರಡನೆಯವನು.

ಬರಲ್ಲ ಅಂದಿದ್ದವರು ಬಂದಿದ್ದರು. ಗೆದ್ದವನನ್ನು ಮಾತ್ರ ಪರೀಕ್ಷೆಗೆ ಕರೆದುಕೊಂಡು ಹೋದರು. ಮುಂದಿನದು ಕೇಳಬೇಕೇ? ಇಂಜಿನ್‌ಗೆ ನಿಷೇಧ, ಪತ್ರಿಕೆಯಲ್ಲಿ ಫೋಟೊ, ಹಾಸ್ಟೆಲಿನಿಂದ ಹೊರಗೆ. ಚಿನ್ನ ಕಡ್ಡಿಯ ಕೊರಳಿಗೆ, ಅದರ ಬೆನ್ನಿಗೇ ಕೋಚ್ ನೌಕರಿ. ಎಲ್ಲ ಕೆಮ್ಮಿಗೆ ಕುಡಿದ ಸಿರಪ್ಪಿನ ಕೆಲಸ ಅಂದುಕೊಂಡ ಇಂಜಿನ್, “ನನ್ನ ಗ್ರಹಚಾರ ಬಿಡೋ. ಚಿನ್ನ ನಿಂಗಾದ್ರೂ ಬಂತಲ್ಲ,” ಅಂದ. ಆವತ್ತಿನಿಂದ ನಿಜ ಕಡ್ಡಿಗೆ ಬಾಯಲ್ಲಿಟ್ಟ ಬಿಸಿತುಪ್ಪ.

ಇಂಜಿನ್ ಈಗ ಬಸ್ ನಿಲ್ದಾಣದ ಪಕ್ಕ ಪಂಕ್ಚರ್ ಹಾಕುತ್ತಾನೆ. ಅವನ ಮಗಳು ಈ ವರ್ಷ ಕೋಚ್‌ನ ಹತ್ತಿರ ಓಡಲು ಬಂದಳು. ಥೇಟ್ ಅಪ್ಪನದೇ ಕಾಲು. ಜೊತೆಯ ಹುಡುಗಿಯರು ‘ಮದ್ದಿನವನ ಮಗಳು’ ಅಂತ ಕಿಸಕ್ಕೆನ್ನುತ್ತಿದ್ದರು. ಆ ಮಾತು ಬಿದ್ದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೋಚ್ ಬೆವರುತ್ತಿದ್ದ.

ಒಂದು ಬೆಳಿಗ್ಗೆ ಹುಡುಗಿ ಏದುಸಿರು ಬಿಡುತ್ತ ಬಂದು ಕೈ ಚಾಚಿದಳು. “ಮಾಮ, ನಿಮ್ಮ ಬಾಟಲಿ ಕೊಡಿ.”

“ಅಲ್ಲಿ ಗೆಳತಿಯರ ಹತ್ರ ಇದೆಯಲ್ಲಮ್ಮ.”

“ಅಪ್ಪ ಬೈತಾರೆ. ಮಾಮನ ಬಾಟಲಿ ಬಿಟ್ಟು ಬೇರೆ ಯಾರದ್ದೂ ಮುಟ್ಟಬೇಡ ಅಂದಿದಾರೆ.”

ಬಾಟಲಿಯಲ್ಲಿದ್ದದ್ದು ಬರೀ ನೀರು, ಆದರೂ ಕೋಚ್‌ಗೆ ಕೊಡಲು ಕೈ ಬರಲಿಲ್ಲ. “ನಲ್ಲಿ ನೀರು ಕುಡಿ ಹೋಗು,” ಅಂದವನೇ ನೇರ ಪಂಕ್ಚರ್ ಅಂಗಡಿಗೆ ಹೋದ.

ಇಂಜಿನ್ ಸೈಕಲ್ ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕುತ್ತಿದ್ದ. “ಓಹೋ, ಸಾಹೇಬ್ರು! ಸೂರ್ಯ ಯಾವ ಕಡೆ ಹುಟ್ಟಿದ?” ಅಂತ ಸ್ಟೂಲು ಎಳೆದ. ಕೋಚ್ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ: ಸೀಸೆ, ಬಾಟಲಿ, ನೋಡಿಯೂ ಬಾಯಿ ಮುಚ್ಚಿಕೊಂಡಿದ್ದು.

ಟ್ಯೂಬು ಬಾಣಲಿಯಲ್ಲೇ ಉಳಿಯಿತು. ಹೊಡೆಯುತ್ತಾನೆ, ಹೊಡೆಯಲಿ ಅಂತ ಕೋಚ್ ಕಾದ.

“ಅವತ್ತು ಏನೋ ಹುಮ್ಮಸ್ಸು ಬಂದಿತ್ತು ಕಣೋ,” ಅಂದ ಇಂಜಿನ್. “ನಾನೂ ಗೆಲ್ಲಬಲ್ಲೆ ಅನ್ನಿಸಿತ್ತು. ಊರೆಲ್ಲ ಉಗಿದ್ರೂ, ಆ ಒಂದು ಓಟ ನಂದು ಅಂತ ಇಷ್ಟು ವರ್ಷ ಇಟ್ಕೊಂಡಿದ್ದೆ. ಅದನ್ನೂ ಕಿತ್ಕೊಂಡ್ಯಲ್ಲೋ.”

ಇದನ್ನು ಕೋಚ್ ಯೋಚಿಸಿಯೇ ಇರಲಿಲ್ಲ.

ಇಂಜಿನ್ ತಲೆಯೆತ್ತಿದ. “ನೀನೂ ಕುಡಿದಿದ್ದೆ ಅಂದ್ಯಲ್ಲ?”

“ಹೂಂ. ಉಳಿದರ್ಧ.”

“ಆದ್ರೂ ನನ್ನ ಹಿಂದೇನೇ ಬಂದೆ.”

“ಹಿಂದೇನೇ ಬಂದೆ ಕಣೋ.”

ಇಂಜಿನ್ ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡ. “ಇದನ್ನ ಕ್ರೀಡಾ ಸಂಘದವರ ಮುಂದೆ ಹೇಳ್ತೀಯಾ? ನೌಕರಿ ಹೋಗುತ್ತೆ.”

“ಹೋಗ್ಲಿ. ಇಲ್ಲಿಂದ ಅಲ್ಲಿಗೇ ಹೊರಟಿದೀನಿ.”

ಕೋಚ್ ಬೀದಿಗಿಳಿದ. ಇಂಜಿನ್ ಹಿಂದಿನಿಂದ ಕರೆದ. ಕ್ಷಮಿಸಿದನೇನೋ ಅಂತ ಕೋಚ್ ಆಸೆಯಿಂದ ತಿರುಗಿದ.

“ನೀನು ಮೈದಾನದಲ್ಲಿರೋ ತನಕ ಮಗಳು ನಿನ್ನ ಹತ್ರಾನೇ ಓಡ್ಲಿ,” ಅಂದ ಇಂಜಿನ್. “ನಾಳೆಯಿಂದ ಅವಳದ್ದೇ ಬಾಟಲಿ ಕೊಟ್ಟು ಕಳಿಸ್ತೀನಿ.”