ಹಗ್ಗಕ್ಕೆ ಸುತ್ತಿದ ಬಟ್ಟೆ

ನನ್ನ ಮೈದುನನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮ ಅತ್ತೆ ಒಬ್ಬರೇ. ಉಳಿದವರಿಗೆಲ್ಲ ಅವನು ಪರದೆಯಣ್ಣ. ಕಲಾಮಂದಿರದಲ್ಲಿ ವೇದಿಕೆಯ ಪರದೆ ಏರಿಸಿ ಇಳಿಸುವುದು ಅವನ ಕೆಲಸ. ಕುಣಿಯುವವರ ಬಟ್ಟೆ ಹೊಲಿಯುವುದು, ಹರಿದದ್ದನ್ನು ಸರಿಮಾಡುವುದು ನನ್ನದು. ಮಂದಿರದ ಹಿಂದೆ ನಮಗೆ ಎರಡು ಕೋಣೆ ಕೊಟ್ಟಿದ್ದರು. ನನ್ನ ಯಜಮಾನರು ತೀರಿಕೊಂಡ ಮೇಲೆ ಒಂದರಲ್ಲಿ ನಾನೂ ನನ್ನ ಹೊಲಿಗೆ ಯಂತ್ರವೂ, ಇನ್ನೊಂದರಲ್ಲಿ ಅವನು. ಮದುವೆಯಾಗು ಅಂದರೆ, "ಆಟ ಮುಗಿಯೋ ಹೊತ್ತಿಗೆ ಜನಕ್ಕೆ ನೆನಪಾಗೋನು ನಾನು. ನನಗೆ ಯಾರು ಹೆಣ್ಣು ಕೊಡ್ತಾರೆ ಅತ್ತಿಗೆ" ಅನ್ನುತ್ತಿದ್ದ.

ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ಭಾಷಣ, ಶಾಲೆಯ ಮಕ್ಕಳ ಕಾರ್ಯಕ್ರಮ, ಅಷ್ಟೆ. ಅಂಗಳದ ಮರಗಳ ಎಲೆ ಹಳದಿಯಾಗಿ ಉದುರತೊಡಗಿದಾಗ ಕಟ್ಟಡಕ್ಕೆ ಜೀವ ಬರುತ್ತಿತ್ತು. ಮೇಲಿನ ಹಜಾರದಲ್ಲಿ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಪಕ್ಕದ ಕೋಣೆಯಲ್ಲಿ ತಂತಿವಾದ್ಯಗಳನ್ನು ಶ್ರುತಿ ಮಾಡುತ್ತಿದ್ದರು. ವೇದಿಕೆಯ ಮೇಲೆ ಬೆಳಗಿನಿಂದ ಕುಣಿತದ ಅಭ್ಯಾಸ. ಇದನ್ನು ನಾವು ಎಲೆಗಾಲ ಅನ್ನುತ್ತಿದ್ದೆವು. ಎಲೆಗಾಲದಲ್ಲಿ ನನಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುತ್ತಿರಲಿಲ್ಲ.

ನಮ್ಮ ಪರದೆ ಪಕ್ಕಕ್ಕೆ ಸರಿಯುವಂಥದ್ದಲ್ಲ, ಮೇಲಿನಿಂದ ಇಳಿಯುವಂಥದ್ದು. ಕೆಳಗಿನ ಅಂಚಿಗೆ ತೋಳಿನಷ್ಟು ದಪ್ಪದ ಮರದ ಕೋಲು. ಯಾರಾದರೂ ಅಡಿಯಲ್ಲಿದ್ದಾಗ ಇಳಿಸಿದರೆ ತಲೆ ಒಡೆದೇ ಹೋಗುತ್ತದೆ. ಆದರೆ ಹಗ್ಗವಿದ್ದ ಮೂಲೆಯ ಮುಂದೆಯೇ ಒಂದು ದಪ್ಪ ಕಂಬ. ಅಲ್ಲಿ ನಿಂತವನಿಗೆ ವೇದಿಕೆ ಕಾಣುವುದಿಲ್ಲ. ಕಟ್ಟಿದವರು ಯಾವ ಯೋಚನೆಯಲ್ಲಿದ್ದರೋ. ಅದಕ್ಕೆ ನನ್ನ ಮೈದುನ ಚಪ್ಪಲಿ ಬಿಟ್ಟು, ಬಲಗಾಲನ್ನು ವೇದಿಕೆಯ ಮುಂದಿನ ಹಲಗೆಯ ತುದಿಗೆ ಊರುತ್ತಿದ್ದ. ಆ ಹಲಗೆ ಈ ಕಡೆಯಿಂದ ಆ ಕಡೆಗೆ ಒಂದೇ. ಕುಣಿಯುವವರ ಹೆಜ್ಜೆ ಅದರೊಳಗೆ ನಡುಗಿ ಅವನ ಅಂಗಾಲಿಗೆ ತಿಳಿಯುತ್ತಿತ್ತು. ವಾದ್ಯ ನಿಲ್ಲಲಿ, ಜನ ಚಪ್ಪಾಳೆ ತಟ್ಟಲಿ, ಕೊನೆಯ ಹೆಜ್ಜೆ ನಿಂತಿತು ಅಂತ ಕಾಲು ಹೇಳಿದ ಮೇಲೇ ಅವನು ಹಗ್ಗ ಬಿಡುತ್ತಿದ್ದದ್ದು. ಪರದೆ ಮೇಲಿರುವಾಗ ಅವನು ಹಿಡಿದು ಕಾಯುವ ಜಾಗಕ್ಕೆ, ಕೈ ಉಜ್ಜದಿರಲಿ ಅಂತ, ನಾನು ದಪ್ಪ ಬಟ್ಟೆ ಸುತ್ತಿ ಹೊಲಿದಿದ್ದೆ. ಒಂದು ಎಲೆಗಾಲಕ್ಕೆ ಅದು ಅಂಗೈ ಆಕಾರದಲ್ಲಿ ಸವೆದು ಹೋಗುತ್ತಿತ್ತು. ಪ್ರತಿ ವರ್ಷ ಹೊಸದು ಹಾಕುತ್ತಿದ್ದೆ.

ಕುಣಿತದ ತಂಡಕ್ಕೆ ಹಿರಿಯರು ದೊಡ್ಡಕ್ಕ. ಹುಡುಗಿಯರೆಲ್ಲ ನಿಂತ ಮೇಲೆ ಅವರೊಬ್ಬರೇ ಮುಂದೆ ಬಂದು ನಿಧಾನವಾಗಿ ಒಂದು ಸುತ್ತು ತಿರುಗಿ ನಿಲ್ಲುತ್ತಿದ್ದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಅದು ಅವರ ಮುಕ್ತಾಯ. ಒಂದು ವರ್ಷ ಆ ಸುತ್ತಿನ ನಡುವೆಯೇ ದೀಪಗಳೆಲ್ಲ ಹೋದವು. ಕತ್ತಲಲ್ಲಿ ಮಂದಿರದ ಮ್ಯಾನೇಜರು ಇಳಿಸು, ಇಳಿಸು ಅಂದರು. ನನ್ನ ಮೈದುನ ಗಾಬರಿಯಾಗಿ, ಕಾಲಿನ ಮಾತು ಕೇಳದೆ ಅವರ ಮಾತು ಕೇಳಿದ. ಕೋಲು ದೊಡ್ಡಕ್ಕನ ಹೆಬ್ಬೆರಳಿನಿಂದ ಒಂದು ಗೇಣು ದೂರಕ್ಕೆ ಬಂದು ಕೂತಿತು. ಇವನು ಬೆವೆತು ನಿಂತಿದ್ದ. ದೊಡ್ಡಕ್ಕನೇ ಬಂದು ನಕ್ಕರು. "ನನ್ನ ಒಂದು ಸುತ್ತು ಅರ್ಧಕ್ಕೇ ಉಳೀತಲ್ಲಪ್ಪ. ಬರೋ ಎಲೆಗಾಲಕ್ಕೆ ಅದನ್ನ ಮುಗಿಸೋವರೆಗೂ ನೀನು ಹಗ್ಗ ಬಿಡಂಗಿಲ್ಲ, ನೋಡು."

ಬೇಸಗೆಯಲ್ಲಿ ದೊಡ್ಡಕ್ಕ ಜ್ವರ ಬಂದು ತೀರಿಕೊಂಡರು.

ಮುಂದಿನ ಎಲೆಗಾಲಕ್ಕೆ ಹುಡುಗಿಯರು ಅದೇ ಕುಣಿತವನ್ನು ಅವರ ನೆನಪಿಗೆಂದು ಅಭ್ಯಾಸ ಮಾಡಿದರು. ಕೊನೆಯ ಸುತ್ತನ್ನು ತೆಗೆದುಹಾಕಿದರು. ಅದನ್ನು ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಮೊದಲ ಅಭ್ಯಾಸದ ದಿನ ವಾದ್ಯ ನಿಂತಿತು, ಹುಡುಗಿಯರು ನಿಂತರು, ಪರದೆ ಮಾತ್ರ ಇಳಿಯಲಿಲ್ಲ. ಮ್ಯಾನೇಜರು ಮೂಲೆಗೆ ಬಂದರು.

"ಏನಯ್ಯಾ, ನಿದ್ದೆ ಬಂತಾ?"

"ಇಲ್ಲ ಸಾರ್. ಇನ್ನೂ ಒಬ್ಬರು ನಿಂತಿಲ್ಲ."

"ಎಲ್ಲಾ ಕಲ್ಲಿನ ಥರ ನಿಂತವ್ರೆ. ಬಂದು ನೋಡು."

ಅವನು ಹಗ್ಗ ಬಿಗಿದು ಕಟ್ಟಿ, ಕಂಬ ದಾಟಿ ನೋಡಿದ. ನಿಂತಿದ್ದರು. ಮೂಲೆಗೆ ವಾಪಸ್ ಬಂದು ಪರದೆ ಇಳಿಸಿದ. ಎರಡನೆಯ ಸಲವೂ ಹಾಗೇ ಆಯಿತು. ಆಗ ಮ್ಯಾನೇಜರು ಮೆತ್ತಗೆ ಹೇಳಿದರು: "ನೋಡಯ್ಯ, ಗುಂಡಿ ಒತ್ತಿದ್ರೆ ಪರದೆ ಇಳಿಸೋ ಯಂತ್ರ ಮಾರೋನು ಬಾಗಿಲಲ್ಲೇ ನಿಂತವ್ನೆ. ಪ್ರದರ್ಶನದ ದಿನ ನಾನೇ ನಿನ್ನ ಪಕ್ಕ ಇರ್ತೀನಿ. ನಾನು ಕೈ ಇಳಿಸಿದಾಗ ಪರದೆ ಇಳೀಬೇಕು. ಇಲ್ಲಾಂದ್ರೆ ಹಗ್ಗವೂ ಇಲ್ಲ, ಕೋಣೆಯೂ ಇಲ್ಲ."

ಆ ಸಂಜೆ ಅವನು ಊಟಕ್ಕೆ ಕೂತು ತಟ್ಟೆ ಮುಟ್ಟಲಿಲ್ಲ.

"ಕೋಣೆ ಹೋದ್ರೆ ಎಲ್ಲಾದ್ರೂ ಇರೋಣ" ಅಂದೆ. "ಆದ್ರೆ ಹಗ್ಗ ಬಿಟ್ಟು ನೀನು ಇರ್ತೀಯಾ?"

"ಇಲ್ಲ ಅತ್ತಿಗೆ. ಅದಕ್ಕೇ ಅವರು ಕೈ ಇಳಿಸಿದ ತಕ್ಷಣ ಬಿಟ್ಟುಬಿಡ್ತೀನಿ. ನನ್ನ ಕಾಲಿಗೇ ಮಂಕು ಹಿಡಿದಿರಬೇಕು." ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ. "ಎಡಗಾಲು ಎಳೆದ ಹಾಗೆ ಬರುತ್ತೆ. ಮಂಕಿಗೆ ಅದೆಲ್ಲ ಹೇಗೆ ಗೊತ್ತಾಗುತ್ತೆ?"

ಆ ತಟ್ಟೆಯನ್ನು ನಾನು ಮುಚ್ಚಿಟ್ಟೆ.

ಪ್ರದರ್ಶನದ ಬೆಳಿಗ್ಗೆ ಮೇಲಿನ ಹಜಾರಕ್ಕೆ ಹೋಗಿದ್ದೆ. ಚಿತ್ರಗಾತಿಯೊಬ್ಬಳು ಅಭ್ಯಾಸದ ಹೊತ್ತಿನಲ್ಲಿ ಮುಂದಿನ ಸಾಲಲ್ಲಿ ಕೂತು ಇದ್ದಲಿನಲ್ಲಿ ಬರೆದದ್ದನ್ನು ಗೋಡೆಗೆ ಹಾಕುತ್ತಿದ್ದಳು. ಸಾಲಾಗಿ ನಿಂತ ನಮ್ಮ ಹುಡುಗಿಯರು. ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಮುಖ ನನಗೆ ಅಷ್ಟಾಗಿ ತಿಳಿಯುವುದಿಲ್ಲ, ಬಟ್ಟೆ ತಿಳಿಯುತ್ತದೆ. ಆ ಖಾಲಿ ಜಾಗದ ಎರಡು ಪಕ್ಕದ ಲಂಗಗಳ ಅಂಚು ಆಚೆಗೂ ಈಚೆಗೂ ಸರಿದಿತ್ತು. ನಡುವೆ ಯಾರಾದರೂ ಹಾದುಹೋದರೆ ಹಾಗಾಗುತ್ತದೆ.

"ಇಲ್ಲಿ ಯಾಕಮ್ಮ ಜಾಗ ಬಿಟ್ಟೆ?"

"ನಾನೆಲ್ಲಿ ಬಿಟ್ಟೆ ಅಜ್ಜಿ? ಅವರು ಬಿಟ್ಟಿದ್ರು, ನಾನು ಬರೆದೆ."

ಕೆಳಗೆ ಬಂದು ಹುಡುಗಿಯರನ್ನು ಕೇಳಿದೆ. "ಜಾಗ ಎಲ್ಲಿ ಅಜ್ಜಿ, ಭುಜಕ್ಕೆ ಭುಜ ತಾಗಿಸ್ಕೊಂಡೇ ನಿಂತಿರ್ತೀವಿ. ಇವಳು ಬೇರೆ ಬೆವರುನಾತ" ಅಂತ ಒಬ್ಬಳು ಇನ್ನೊಬ್ಬಳನ್ನು ತಿವಿದಳು. ನಗಬೇಕಿತ್ತು. ನಗು ಬರಲಿಲ್ಲ.

ಸಂಜೆ ಸಭೆ ತುಂಬಿತ್ತು. ವೇದಿಕೆಯ ಮೇಲೆ ಅಂಗಳದ ಒಣ ಎಲೆಗಳನ್ನು ತಂದು ಹರಡಿದ್ದರು. ನಾನು ಸೂಜಿ ದಾರ ಹಿಡಿದು ಮೂಲೆಯಲ್ಲಿದ್ದೆ. ಮ್ಯಾನೇಜರು ಇವನ ಪಕ್ಕ ಕೈ ಎತ್ತಿಕೊಂಡು ನಿಂತಿದ್ದರು. ಕುಣಿತ ಮುಗಿಯುತ್ತ ಬಂದಾಗ ನನ್ನ ಮೈದುನ ತಿರುಗಿ ಪಿಸುಗುಟ್ಟಿದ.

"ಅತ್ತಿಗೆ, ನೀವೂ ಒಂದ್ಸಲ ಕಾಲಿಡಿ."

ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಕಾಲಿಟ್ಟೆ. ಮಳೆ ಸುರಿದ ಹಾಗೆ ಎಷ್ಟೋ ಹೆಜ್ಜೆ. ವಾದ್ಯ ನಿಂತಿತು. ಹೆಜ್ಜೆಗಳೂ ನಿಂತವು. ಹಲಗೆ ಸತ್ತಂತಾಯಿತು. ಆಮೇಲೆ ಒಂದು ಹೆಜ್ಜೆ. ಅದರ ಹಿಂದೆ ಉದ್ದಕ್ಕೆ ಏನೋ ಎಳೆದಂತೆ. ಮತ್ತೆ ಒಂದು ಹೆಜ್ಜೆ, ನಮಗೆ ಇನ್ನೂ ಹತ್ತಿರದಲ್ಲಿ. ನನ್ನ ಮೊಣಕಾಲಿನವರೆಗೆ ತಣ್ಣಗಾಯಿತು.

ಮ್ಯಾನೇಜರು ಕೈ ಇಳಿಸಿದರು.

ಅವನು ಹಗ್ಗ ಸಡಿಲಿಸಿದ್ದನ್ನು ನಾನು ಕಂಡೆ. ನಿಜವಾಗಿ ಬಿಡಬೇಕೆಂದೇ ಇದ್ದ. ಮೇಲೆ ಕೋಲು ಕಿರ್ರೆಂದಿತು. ತಕ್ಷಣ ಎರಡೂ ಕೈಯಲ್ಲಿ ಅವುಚಿ ಹಿಡಿದ.

"ಇಳಿಸಯ್ಯ."

"ಆಗಲ್ಲ ಸಾರ್. ಕೋಲಿನ ಕೆಳಗೇ ಇದಾರೆ."

"ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ, ಗೊತ್ತಾಯ್ತಾ?"

"ಆಗ್ಲಿ ಸಾರ್. ಇವತ್ತು ಇಳಿಸಲ್ಲ."

ಮ್ಯಾನೇಜರು ಹಲ್ಲು ಕಚ್ಚಿ ಕಂಬ ದಾಟಿ ವೇದಿಕೆಯ ಕಡೆ ನೋಡಿದರು. ಅಲ್ಲೇ ನಿಂತರು. ಏನು ಕಂಡರೋ ನನಗೆ ತಿಳಿಯದು. ಕಂಬ ಅಡ್ಡವಿತ್ತು, ಅವರೂ ಕೊನೆಯವರೆಗೆ ಹೇಳಲಿಲ್ಲ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಒಣ ಎಲೆ ಸರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅವರು ಹಿಂದಕ್ಕೆ ಬಂದರು, ಗೋಡೆ ಹಿಡಿದುಕೊಂಡು.

"ನಿನಗೆ ಗೊತ್ತಾದಾಗ ಇಳಿಸು."

ನನ್ನ ಅಂಗಾಲಿನ ಕೆಳಗೆ ಹೆಜ್ಜೆ ನಿಧಾನವಾಗಿ ಸುತ್ತು ಬಂದು ನಿಂತಿತು. ನಿಂತದ್ದು ನನಗೂ ಗೊತ್ತಾಯಿತು. ಅವನು ಇನ್ನೊಂದು ಉಸಿರು ಕಾದ. ಆಮೇಲೆ ಮಗುವನ್ನು ಮಲಗಿಸುವ ಹಾಗೆ ಪರದೆಯನ್ನು ಕೆಳಗಿಟ್ಟ. ಚಪ್ಪಾಳೆ ನಿಲ್ಲಲೇ ಇಲ್ಲ. ಕೊನೆಯ ಆ ಮೌನ ಬಹಳ ಚೆನ್ನಾಗಿತ್ತು ಅಂತ ಜನ ಆಮೇಲೂ ಹೇಳುತ್ತಿದ್ದರು.

ಹುಡುಗಿಯರ ಬಟ್ಟೆ ತೆಗೆದುಕೊಳ್ಳಲು ನಾನು ವೇದಿಕೆಗೆ ಹೋದೆ. ಮುಂದುಗಡೆ ಎಲೆಗಳೆಲ್ಲ ಸರಿದು ಒಂದು ಸುತ್ತಿನಷ್ಟು ಹಲಗೆ ಬರಿದಾಗಿತ್ತು. ಬಾಗಿಲುಗಳೆಲ್ಲ ಮುಚ್ಚಿದ್ದವು, ಗಾಳಿ ಬರುವಂತಿರಲಿಲ್ಲ. ಕೋಲು ಆ ಸುತ್ತಿನಿಂದ ಒಂದು ಗೇಣು ಆಚೆ ಕೂತಿತ್ತು.

ಯಂತ್ರದ ಮಾತನ್ನು ಮ್ಯಾನೇಜರು ಮತ್ತೆ ಎತ್ತಲಿಲ್ಲ. ಅಲ್ಲಿಂದ ಮುಂದೆ ಅವರು ವೇದಿಕೆ ದಾಟಿದ್ದನ್ನೂ ನಾನು ಕಾಣೆ. ಆ ಕಡೆ ಹೋಗಬೇಕಾದರೆ, ಮಳೆಯಿರಲಿ ಬಿಸಿಲಿರಲಿ, ಅಂಗಳ ಸುತ್ತಿ ಹೋಗುತ್ತಿದ್ದರು. "ಸಾಹೇಬ್ರಿಗೆ ಒಳ್ಳೇ ವ್ಯಾಯಾಮ ಆಯ್ತು" ಅನ್ನುತ್ತಿದ್ದ ನನ್ನ ಮೈದುನ. ದೊಡ್ಡಕ್ಕ ಮತ್ತೆ ಬಂದರಾ ಅಂತ ಕೇಳಿದರೆ, "ಮುಗಿಸಿ ಹೋದ್ರಲ್ಲ, ಇನ್ಯಾಕೆ ಬರ್ತಾರೆ" ಅಂದ. ಹಗ್ಗ ಹಿಡಿಯುವ ಶಕ್ತಿ ಇರುವವರೆಗೂ ಹಿಡಿದ. ಒಂದು ಎಲೆಗಾಲದ ಹೊಸ್ತಿಲಲ್ಲಿ, ಇನ್ನು ಕುಣಿತದವರು ಬರಬೇಕು ಅನ್ನುವಾಗ, ಮಲಗಿದಲ್ಲೇ ಹೋದ.

ಹಗ್ಗ ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಆಮೇಲೆ ಯಂತ್ರ ಬಂತು. ಈಗ ಯಾರೋ ಎಲ್ಲೋ ಕೂತು ಗುಂಡಿ ಒತ್ತುತ್ತಾರೆ. ಹಗ್ಗವನ್ನು ಮಾತ್ರ ಬಿಚ್ಚದೆ ಆ ಮೂಲೆಯಲ್ಲೇ ಕಟ್ಟಿಬಿಟ್ಟಿದ್ದಾರೆ. ಅವನಿಗೆಂದು ನಾನು ಹೊಲಿದಿಟ್ಟಿದ್ದ ಬಟ್ಟೆ ಹಾಗೇ ಉಳಿದಿತ್ತು. ಯಾಕೆ ಹಾಳಾಗಬೇಕು ಅಂತ ಅದನ್ನು ಹಗ್ಗಕ್ಕೆ ಸುತ್ತಿ ಹೊಲಿದೆ. ಆ ಮೂಲೆಗೆ ಯಾರೂ ಹೋಗುವುದಿಲ್ಲ. ಎಲೆಗಾಲ ಮುಗಿದ ಮೇಲೆ ಧೂಳು ಹೊಡೆಯಲು ಹೋಗಿ ನೋಡಿದರೆ, ಬಟ್ಟೆ ಅಂಗೈ ಆಕಾರದಲ್ಲಿ ಸವೆದಿತ್ತು.

ಮರುವರ್ಷವೂ ಸವೆಯಿತು. ಈ ಸಲ ಸ್ವಲ್ಪ ದಪ್ಪದ್ದು ಹಾಕಿದ್ದೇನೆ.